ಜಡ್ಜ್‌ಬಾಯಿ ಬಂದ ದಿನ

ನಮ್ಮ ಮನೆಯಲ್ಲಿ ದೇವರು ಪ್ಯಾಂಟ್ರಿಯಲ್ಲಿದ್ದ. ಟೆಕ್ಸಸ್ಸಿನ ಜಾರ್ಜ್‌ಟೌನಿನ ಆ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿದವರು ಕಾರುಗಳ ಬಗ್ಗೆ, ಬಟ್ಟೆಗಳ ಬಗ್ಗೆ, ನಾಯಿಯ ಸ್ನಾನದ ಬಗ್ಗೆಯೂ ಯೋಚಿಸಿದ್ದರು. ದೇವರ ಬಗ್ಗೆ ಮಾತ್ರ ಮರೆತಿದ್ದರು. ಅಮ್ಮ ದಿನಸಿ ಇಡುವ ಆ ಪ್ಯಾಂಟ್ರಿಯ ನಡುವಿನ ಹಲಗೆ ಬಿಚ್ಚಿಸಿ ಅಲ್ಲಿ ಮಂಟಪ ಇಟ್ಟಳು. ವೆಂಕಟರಮಣನ ಎಡಕ್ಕೆ ತೊಗರಿಬೇಳೆಯ ಡಬ್ಬಿ, ಬಲಕ್ಕೆ ಪೇಪರ್ ಟವೆಲಿನ ರಾಶಿ. ಮಂಗಳಾರತಿಯ ಹೊಗೆಗೆ ಅಡುಗೆಮನೆಯ ಸ್ಮೋಕ್ ಅಲಾರಂ ಕೂಗಿಕೊಳ್ಳುತ್ತಿತ್ತು, ಅಜ್ಜ ಬೆತ್ತದ ತುದಿಯಿಂದ ಅದರ ಗುಂಡಿ ಒತ್ತಿ ಬಾಯಿ ಮುಚ್ಚಿಸುತ್ತಿದ್ದ. ಆ ಪ್ಯಾಂಟ್ರಿಯ ಬಾಗಿಲಲ್ಲೇ ನಮ್ಮ ಮನೆಯ ಜಗಳಗಳೆಲ್ಲ ಹುಟ್ಟುತ್ತಿದ್ದವು. ಅಮ್ಮ ಮೈಸೂರಿನವಳು, ಅಜ್ಜಿ ಹುಬ್ಬಳ್ಳಿಯವಳು. ಒಬ್ಬಳು ಸಾರಿಗೆ ಬೆಲ್ಲ ಹಾಕುವವಳು, ಇನ್ನೊಬ್ಬಳು ಹಾಗೆ ಹಾಕುವವರನ್ನು ಕಂಡು ಕನಿಕರಪಡುವವಳು. ಪ್ಯಾಂಟ್ರಿಗೆ ಹೋದವಳು ಬೇಳೆಗೆ ಹೋದಳೋ ದೇವರಿಗೆ ಹೋದಳೋ, ಮಡಿಯಲ್ಲಿ ಹೋದಳೋ ಪೈಜಾಮದಲ್ಲಿ ಹೋದಳೋ ಎಂಬುದು ದಿನವೂ ತೀರ್ಮಾನವಾಗದೆ ಉಳಿಯುವ ಮೊಕದ್ದಮೆಯಾಗಿತ್ತು.

ಅಜ್ಜ, ಅಜ್ಜಿ ವರ್ಷಕ್ಕೊಮ್ಮೆ ವಿಸಿಟರ್ ವೀಸಾದ ಮೇಲೆ ಬಂದು ಆರು ತಿಂಗಳಿದ್ದು ಹೋಗುತ್ತಿದ್ದರು. ಕೆಳಗಿನ ಮಲಗುವ ಕೋಣೆ ಅವರದು. ಅಜ್ಜ ಹುಬ್ಬಳ್ಳಿಯಲ್ಲಿ ಕನ್ನಡಕದ ಅಂಗಡಿ ನಡೆಸಿದವನು. ಮೊದಲ ಸಲ ಬಂದಾಗಲೇ ತನ್ನ ಅಂಗಡಿಯ ಕನ್ನಡ ಅಕ್ಷರದ ಕಣ್ಣಿನ ಚಾರ್ಟನ್ನು ಸುರುಳಿ ಸುತ್ತಿ ಸೂಟ್‌ಕೇಸಿನಲ್ಲಿ ತಂದು ಆ ಕೋಣೆಯ ಗೋಡೆಗೆ ಅಂಟಿಸಿದ್ದ. ಅದೇ ನನ್ನ ಕನ್ನಡ ಶಾಲೆ. ದೊಡ್ಡ ಅಕ್ಷರದಿಂದ ಶುರುವಾಗಿ ಸಾಲುಸಾಲಿಗೂ ಸಣ್ಣದಾಗುವ ಅಕ್ಷರಮಾಲೆಯಲ್ಲಿ ಓದಲು ಕಲಿತವರು ನನ್ನನ್ನು ಬಿಟ್ಟರೆ ಬೇರೆ ಯಾರಾದರೂ ಇದ್ದಾರೋ ಇಲ್ಲವೋ ಕಾಣೆ. ಆಗ ನಾನು ಹೈಸ್ಕೂಲಿನ ಡಿಬೇಟ್ ತಂಡದಲ್ಲಿದ್ದೆ. ವಾರಾಂತ್ಯ ಬಂದರೆ ಒಮ್ಮೆ ಹ್ಯೂಸ್ಟನ್, ಒಮ್ಮೆ ಡಾಲಸ್. ಯಾವ ವಿಷಯ ಕೊಟ್ಟರೂ ಎರಡೂ ಕಡೆ ವಾದಿಸಬೇಕು, ಕೊನೆಗೆ ತೀರ್ಪುಗಾರರು ಒಂದು ಕಡೆಗೆ ಗೆಲುವು ಕೊಡಲೇಬೇಕು. ‘ಗೊತ್ತಾಗಲಿಲ್ಲ’ ಎಂದು ಎದ್ದುಹೋಗುವ ತೀರ್ಪುಗಾರ ಆ ಆಟದಲ್ಲಿಲ್ಲ. ಮನೆಗೆ ಬಂದರೂ ನನ್ನ ಆಟ ನಿಲ್ಲುತ್ತಿರಲಿಲ್ಲ. ರಾಹುಕಾಲಕ್ಕೆ ಟೈಮ್ ಝೋನ್ ಯಾವುದು, ಮಡಿಗೆ ವಾಷಿಂಗ್ ಮೆಷೀನ್ ಆಗುತ್ತದೆಯಾದರೆ ಡ್ರೈಯರ್ ಏಕೆ ಆಗುವುದಿಲ್ಲ, ಹೀಗೆ. ಅಜ್ಜಿ ಸಿಡುಕುತ್ತಿದ್ದಳು. ಅಜ್ಜ ಮಾತ್ರ ಕುರ್ಚಿ ಎಳೆದುಕೊಂಡು ಎದುರು ಕೂರುತ್ತಿದ್ದ.

“ಬರ್ರಿ ವಕೀಲಬಾಯಿ. ಇವತ್ತ ಯಾರ ಮ್ಯಾಲ ಕೇಸು?”

“ಮಂಚದ ಮೇಲೆ ಪ್ರಾಣ ಹೋಗಬಾರದು ಅಂತ ಅಜ್ಜಿ ಹೇಳ್ತಾಳೆ. ಹಾಸ್ಪಿಟಲ್‌ನಲ್ಲಿ ಎಲ್ಲರೂ ಮಂಚದ ಮೇಲೇ ಸಾಯ್ತಾರೆ. ಅವರೆಲ್ಲ ಎಲ್ಲಿಗೆ ಹೋಗ್ತಾರೆ?”

“ಬಿಲ್ ಕಟ್ಟಲಿಕ್ಕೆ ಹೋಗ್ತಾರ” ಎಂದ ಅಜ್ಜ.

ನಮ್ಮವರ ಇನ್ನೊಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಹೀಗೆ ಬಂದುಹೋಗುವ ಹಿರಿಯರಿಗೆ ಇಲ್ಲಿ ಡಾಕ್ಟರು ಇರುವುದಿಲ್ಲ. ಆರು ತಿಂಗಳಿಗೆ ಬೇಕಾದ ಗುಳಿಗೆಗಳು ಅವರ ಜೊತೆಗೇ ವಿಮಾನ ಹತ್ತುತ್ತವೆ. ಮಿಕ್ಕಿದ್ದಕ್ಕೆ ಹ್ಯೂಸ್ಟನ್ ಬಳಿಯ ಶುಗರ್ ಲ್ಯಾಂಡಿನಲ್ಲಿ ಅಪ್ಪನ ಗೆಳೆಯರಾದ ಡಾಕ್ಟರ್ ಅಂಕಲ್ ಇದ್ದರು. ಟೆಕ್ಸಸ್ಸಿನ ಅರ್ಧ ಕನ್ನಡಿಗರ ಅಪ್ಪಅಮ್ಮಂದಿರ ಕೆಮ್ಮು, ಮಂಡಿನೋವು, ಮಲಬದ್ಧತೆಗಳನ್ನು ಅವರು ಫೋನಿನಲ್ಲೇ ವಾಸಿಮಾಡುತ್ತಿದ್ದರು. ಹಬ್ಬಕ್ಕೆ ಹೋದಾಗ ಒಂದು ಡಬ್ಬಿ ಚಕ್ಕುಲಿ ಕೊಟ್ಟರೆ ಮುಗಿಯಿತು. ಅಜ್ಜನಿಗೆ ರಕ್ತದೊತ್ತಡ. ಬೆಳಗಿನ ಗುಳಿಗೆಯನ್ನು ಮದುವೆಯಾದ ಮೇಲಿನ ಎಲ್ಲ ಬೆಳಗಿನ ಕಾಫಿಯಂತೆ ಅಜ್ಜಿಯೇ ಕೊಡುತ್ತಿದ್ದಳು. ಒಂದು ಶುಕ್ರವಾರ ಅಮ್ಮ “ತಿಂಡಿ ಆದ್ಮೇಲೆ ಕೊಟ್ರೆ ಒಳ್ಳೇದು ಅಂತಾರೆ ಅತ್ತೆ” ಎಂದಳು. ಅಷ್ಟೇ. ಅಜ್ಜಿ ಗುಳಿಗೆಯ ಡಬ್ಬಿಯನ್ನು ತಂದು ಅಮ್ಮನ ಮುಂದೆ ಕುಕ್ಕಿದಳು.

“ಇನ್ನ ಮ್ಯಾಲ ನೀನ ಕೊಡವಾ. ನಾ ಇಷ್ಟ ವರ್ಷ ವಿಷಾ ಕೊಟ್ಟೀನಿ ಅವರಿಗೆ!”

ಮರುದಿನ ಶನಿವಾರ. ಅಪ್ಪ ಡಾಲಸ್ಸಿನ ಹತ್ತಿರ ಫ್ಲವರ್ ಮೌಂಡಿನಲ್ಲಿರುವ ತನ್ನ ತಂಗಿಯ ಮನೆಗೆ ಹೋಗಿದ್ದ. ನಾನು ಮೇಲೆ ನನ್ನ ಕೋಣೆಯಲ್ಲಿದ್ದೆ. ತಿಂಡಿಯಾದ ಮೇಲೆ ಅಜ್ಜ ಬೆನ್ನು ನೋಯುತ್ತದೆ ಎಂದು ಮಂಚದ ಮೇಲೆ ಅಡ್ಡಾಗಿದ್ದನಂತೆ. ಅಜ್ಜಿ ಪ್ಯಾಂಟ್ರಿಯಲ್ಲಿ ಪೂಜೆಗೆ ಕುಳಿತಿದ್ದಳು. ಅಮ್ಮನ ಕೂಗು ಕೇಳಿ ನಾನು ಇಳಿದು ಬರುವಷ್ಟರಲ್ಲಿ ಅಜ್ಜನ ಮುಖ ಬೂದಿಯಾಗಿತ್ತು, ಉಸಿರು ಎಲ್ಲೋ ದೂರದಿಂದ ಬಂದು ಹೋಗುತ್ತಿತ್ತು. ಅಮ್ಮ ಫೋನಿಗೆ ಕೈಹಾಕಿದಳು, ಅಜ್ಜಿ ಗಂಡನ ಕಂಕುಳಿಗೆ ಕೈಹಾಕಿದಳು.

“ಕೆಳಗ ತಗೋರಿ! ಮಂಚದ ಮ್ಯಾಲ ಬ್ಯಾಡ! ಏ ಹುಡುಗಿ, ಕಾಲು ಹಿಡಿ!”

ನಾನು ಹಿಡಿದೆ. ಮಂಚದ ಬಗ್ಗೆ ನನ್ನ ಬಳಿ ಒಳ್ಳೆಯ ವಾದವಿತ್ತು; ಅದು ಆ ಕ್ಷಣಕ್ಕೆ ಒಪ್ಪುವ ವಾದವಲ್ಲ ಎಂದು ಕೈಗಳಿಗೆ ಹೇಗೋ ತಿಳಿಯಿತು. ಇಳಿಸುವಾಗ ಅಜ್ಜನ ಹಣೆ ಪಕ್ಕದ ಮೇಜಿನ ಅಂಚಿಗೆ ಬಡಿಯಿತು. ಅಜ್ಜಿ ಗಂಗಾಜಲದ ಪುಟ್ಟ ತಾಮ್ರದ ಗಿಂಡಿಯ ಬಾಯಿ ಒಡೆದು ತುಳಸಿಯ ಜೊತೆ ನೀರು ಬಿಟ್ಟಳು. ಗುಟುಕು ಇಳಿಯಲಿಲ್ಲ, ಕೆನ್ನೆಯ ಮೇಲಿಂದ ಕಾರ್ಪೆಟ್ಟಿಗೆ ಹರಿಯಿತು. ನಾನು 911ಕ್ಕೆ ಕರೆ ಮಾಡಿದೆ, ಅಮ್ಮ ಶುಗರ್ ಲ್ಯಾಂಡಿಗೆ. ಆಂಬುಲೆನ್ಸಿನವರು ಬಂದು ಏನೇನೋ ಮಾಡಿದರು, ನಿಲ್ಲಿಸಿದರು, ತಲೆ ಬಗ್ಗಿಸಿದರು. ಅಜ್ಜಿ ತಲೆಯ ಕಡೆಗೆ ದೀಪ ಹಚ್ಚಿಟ್ಟಳು.

ಆಮೇಲೆ ಬಂದವನು ಷೆರಿಫ್‌ನ ಕಡೆಯ ಒಬ್ಬ ಡೆಪ್ಯುಟಿ, ಅಂದರೆ ಕೌಂಟಿಯ ಪೊಲೀಸ. ವಿನಯವಂತ, ಟೋಪಿ ತೆಗೆದು ಒಳಗೆ ಬಂದ. ಹಣೆಯ ಮೇಲಿನ ಗುರುತು, ಒದ್ದೆ ಕೂದಲು, ನೆಲದ ಮೇಲೆ ಮಲಗಿಸಿದ ದೇಹ ನೋಡಿದ ಮೇಲೆ ಅವನ ವಿನಯ ಗಟ್ಟಿಯಾಯಿತು. ಯಾರು ಸರಿಸಿದರು? ಯಾಕೆ ಸರಿಸಿದರು? ನೀರು ಎಲ್ಲಿಂದ ಬಂತು? ಅವರ ಡಾಕ್ಟರ್ ಯಾರು? ಡಾಕ್ಟರ್ ಅಂಕಲ್ ಸ್ಪೀಕರಿನಲ್ಲಿದ್ದರು. “ನಾನು ಸೈನ್ ಮಾಡ್ತೀನಿ, ವರಿ ಮಾಡ್ಬೇಡಿ” ಎಂದರು. ಎಂದೂ ಕೈಯಿಟ್ಟು ಪರೀಕ್ಷೆ ಮಾಡದವರು ಸಹಿ ಮಾಡುವ ಹಾಗಿಲ್ಲ ಎಂದ ಡೆಪ್ಯುಟಿ. ಅಂಕಲ್ಲಿಗೂ ಅದು ಗೊತ್ತಿತ್ತು. ಸಹಿ ಮಾಡುವ ವೈದ್ಯರಿಲ್ಲದ ಸಾವು, ಹಣೆಯ ಮೇಲೆ ಪೆಟ್ಟು. ಇಂಥ ಸಾವಿಗೆ ವಿಚಾರಣೆ ಆಗಲೇಬೇಕು, ಜಡ್ಜ್ ಬರುವವರೆಗೆ ಯಾರೂ ದೇಹವನ್ನು ಮುಟ್ಟಬಾರದು. ಇದನ್ನು ಅಜ್ಜಿಗೆ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

“ನನ್ನ ಗಂಡನ್ನ ನಾ ಮುಟ್ಟಬಾರದೇನು?”

“ಸ್ವಲ್ಪ ಹೊತ್ತು, ಅಜ್ಜಿ.”

“ಯಾಕ? ನಾವೇನ್ ಮಾಡೇವಿ?”

ಆ ಪ್ರಶ್ನೆಗೆ ಅಮ್ಮ ಗೋಡೆಗೆ ಒರಗಿ ಕೆಳಗೆ ಕುಸಿದಳು. ಯಾಕೆಂದು ನನಗಾಗ ತಿಳಿಯಲಿಲ್ಲ.

ಸಾವಿನ ಕಾರಣ ಹುಡುಕುವ ಕೊರೋನರ್ ಎಂಬುವವರನ್ನು ನಾನು ಟೀವಿಯಲ್ಲಿ ನೋಡಿದ್ದೆ. ಬಿಳಿ ಕೋಟು, ನೀಲಿ ಬೆಳಕು, ಒಂದು ಕೂದಲೆಳೆಯಿಂದ ಕೊಲೆಗಾರನನ್ನು ಹಿಡಿಯುವ ಚಾಣಾಕ್ಷತನ. ಹ್ಯೂಸ್ಟನ್, ಡಾಲಸ್, ಆಸ್ಟಿನ್ನಿನಂಥ ದೊಡ್ಡ ಊರುಗಳಲ್ಲಿ ಈ ಕೆಲಸಕ್ಕೆಂದೇ ವೈದ್ಯರಿದ್ದಾರೆ. ನಮ್ಮ ಕೌಂಟಿಯಲ್ಲಿ ಆಗ ಅದು ಚುನಾವಣೆಯಲ್ಲಿ ಗೆದ್ದ ಜಸ್ಟೀಸ್ ಆಫ್ ದಿ ಪೀಸ್‌ನ ಕೆಲಸ. ವೇಗವಾಗಿ ಕಾರು ಓಡಿಸಿದವರಿಗೆ ದಂಡ ಹಾಕುವ, ಬಾಡಿಗೆ ಜಗಳ ಬಿಡಿಸುವ, ಮದುವೆ ಮಾಡಿಸುವ ಅದೇ ಜಡ್ಜು ಸತ್ತವರ ಮನೆಗೂ ಬರಬೇಕು. ಬಂದವರು ಅರವತ್ತು ದಾಟಿದ ಹೆಂಗಸು. ಜೀನ್ಸು, ಧೂಳು ಹಿಡಿದ ಬೂಟು. ಬಾಗಿಲಲ್ಲಿ ನಮ್ಮ ಚಪ್ಪಲಿಗಳ ಗುಂಪು ಕಂಡು, ಯಾರೂ ಕೇಳದೆ ಬೂಟು ಕಳಚಿ ಒಳಗೆ ಬಂದರು. ನಾನು ಅದಕ್ಕೆಲ್ಲ ಕರಗುವವಳಲ್ಲ.

“ನೀವು ಡಾಕ್ಟರಾ?” ಎಂದು ಕೇಳಿದೆ.

“ಅಲ್ಲ.”

“ಲಾಯರಾ?”

“ಅದೂ ಅಲ್ಲ. ದನದ ಮೇವಿನ ಅಂಗಡಿ ನಡೆಸುತ್ತಿದ್ದೆ. ಜನ ವೋಟು ಹಾಕಿದರು.”

“ಹಾಗಾದರೆ ನನ್ನ ಅಜ್ಜ ಹೇಗೆ ಸತ್ತ ಅಂತ ಹೇಳಲು ನಿಮಗೇನು ಅರ್ಹತೆ?”

“ಸುಮ್ನಿರೇ!” ಎಂದು ಅಮ್ಮ ನೆಲದ ಮೇಲಿಂದಲೇ ಗದರಿದಳು.

“ಇರಲಿ ಮ್ಯಾಮ್, ಕೇಳಬೇಕಾದ ಪ್ರಶ್ನೆಯೇ” ಎಂದರು ಜಡ್ಜು. ನನ್ನ ಕಡೆ ತಿರುಗಿದರು. “ಅರ್ಧ ಗಂಟೆ ದಕ್ಷಿಣಕ್ಕೆ, ಆಸ್ಟಿನ್ನಿನಲ್ಲಿ ಆಗಿದ್ದರೆ ಡಾಕ್ಟರ್ ನೋಡುತ್ತಿದ್ದರು. ಅದೇ ಮೇಲು ಅಂತ ನಾನೂ ಹೇಳುತ್ತೇನೆ. ಆದರೆ ಅವರು ಇಲ್ಲಿ ತೀರಿಕೊಂಡಿದ್ದಾರೆ, ನಿನ್ನ ಪಾಲಿಗೆ ನಾನು ಬಂದಿದ್ದೇನೆ. ಯಾರು, ಎಲ್ಲಿ, ಯಾವಾಗ, ಹೇಗೆ ಅಂತ ಕೇಳುವುದು ನನ್ನ ಕೆಲಸ. ಉತ್ತರ ನನ್ನ ಕೈ ಮೀರಿದ್ದಾದರೆ ಬಲ್ಲವರ ಹತ್ತಿರ ಕಳಿಸುವುದೂ ನನ್ನ ಕೆಲಸ. ಸಹಜ, ಅಪಘಾತ, ಆತ್ಮಹತ್ಯೆ, ಕೊಲೆ, ಈ ನಾಲ್ಕರಲ್ಲಿ ಒಂದನ್ನು ನಾನು ಬರೆಯಬಹುದು. ಐದನೆಯದೂ ಒಂದಿದೆ. ‘ನಿರ್ಧರಿಸಲಾಗಲಿಲ್ಲ.’”

ವಾದಕ್ಕೆ ನಿಂತವಳಿಗೆ ಎದುರಾಳಿ ತನ್ನ ದುರ್ಬಲ ಜಾಗವನ್ನು ತಾನೇ ತೋರಿಸಿಬಿಟ್ಟರೆ ಹೊಡೆಯುವುದು ಎಲ್ಲಿಗೆ? ನಾನು ದಾರಿ ಬಿಟ್ಟೆ. ಅವರು ಅಜ್ಜನ ಪಕ್ಕ ಮಂಡಿಯೂರಿದರು. ದೀಪವನ್ನು ಸರಿಸಲಿಲ್ಲ, ಅದನ್ನು ಬಳಸಿಕೊಂಡು ಆಚೆ ಹೋದರು. ಹಣೆ ನೋಡಿದರು, ಮೇಜಿನ ಅಂಚನ್ನು ನೋಡಿದರು, ಕಣ್ಣು, ಬೆರಳು, ಬೆನ್ನು. ಮುಟ್ಟುವ ಮೊದಲು ಪ್ರತಿ ಸಲವೂ ಅಜ್ಜಿಯ ಮುಖ ನೋಡುತ್ತಿದ್ದರು. ಮಂಚದಿಂದ ಇಳಿಸಿದ್ದು ಯಾಕೆ ಎಂದು ಕೇಳಿದಾಗ ಹೇಳಿದೆ: ಭೂಮಿಯ ಮೇಲೆ ಪ್ರಾಣ ಬಿಡಲಿ ಅಂತ. ಅವರು ನಗಲಿಲ್ಲ, ಹುಬ್ಬೇರಿಸಲಿಲ್ಲ. “ಇಳಿಸುವಾಗ ಉಸಿರಿತ್ತಾ?” ಎಂದು ಮಾತ್ರ ಕೇಳಿದರು.

ಅಜ್ಜಿಯ ಹೇಳಿಕೆ ಬೇಕಿತ್ತು. ಫೋನಿನಲ್ಲಿ ದುಭಾಷಿಯನ್ನು ಕೊಡುವ ವ್ಯವಸ್ಥೆಯಿತ್ತು, ಆ ಹೊತ್ತಿಗೆ ಕನ್ನಡದವರು ಯಾರೂ ಸಿಗಲಿಲ್ಲ. ಹಿಂದಿಯವರು ಇದ್ದಾರೆ, ಆಗಬಹುದೇ ಎಂದರು.

“ಹಿಂದಿ ನನಗ ಬರ್ತದ” ಎಂದಳು ಅಜ್ಜಿ. “ಆದ್ರ ಗಂಡ ಸತ್ತ ದಿನ ಹಿಂದ್ಯಾಗ ಮಾತಾಡಂಗಿಲ್ಲ ಅಂತ ಹೇಳು ಆ ಜಡ್ಜ್‌ಬಾಯಿಗೆ.”

ಹೇಳಿದೆ. “ನ್ಯಾಯವಾದದ್ದೇ” ಎಂದರು ಜಡ್ಜು. ಹೀಗೆ ದುಭಾಷಿ ನಾನಾದೆ. ಒಂದೇ ಷರತ್ತು ಹಾಕಿದರು: “ಕೂಡಿಸಬೇಡ, ಕಳೆಯಬೇಡ. ಅವರು ಹೇಳಿದ್ದನ್ನು ಹೇಳು.” ಮಾತನ್ನು ತಿರುಚುವುದೇ ಕಲೆಯೆಂದು ವರ್ಷಗಟ್ಟಲೆ ತರಬೇತಾದವಳಿಗೆ ಅದು ಸಣ್ಣ ಷರತ್ತಲ್ಲ. ಹೆಸರು, ವಯಸ್ಸು, ಹಳೆಯ ಕಾಯಿಲೆ, ಎಲ್ಲ ಸರಾಗ ಸಾಗಿತು. ಆಮೇಲೆ ಆ ಪ್ರಶ್ನೆ ಬಂತು. ಇವತ್ತು ಬೆಳಿಗ್ಗೆ ಗುಳಿಗೆ ಕೊಟ್ಟವರು ಯಾರು?

“ನಾ ಕೊಟ್ಟೆ. ಕಾಫಿ ಜೋಡಿ.”

ಅಮ್ಮ ಎದ್ದು ನಿಂತಳು. ಅವಳಿಗೆ ಎಷ್ಟು ಹೊತ್ತಿನಿಂದ ಅನುಮಾನವಿತ್ತೋ.

“ಅತ್ತೆ, ನೀವು ನಿನ್ನೆ ಡಬ್ಬಿ ನನ್ಗೆ ಕೊಟ್ಬಿಟ್ರಲ್ಲ... ತಿಂಡಿ ಆದ್ಮೇಲೆ ನಾನೂ ಕೊಟ್ಟೆ.”

“ಡಬ್ಬಿ ಕೊಟ್ಟಿದ್ದೆ. ಗುಳಿಗಿದು ಒಂದು ಹಾಳಿ ನನ್ನ ಚೀಲದಾಗ ಉಳದಿತ್ತು. ಕೈ ತಾನ ಹೋತು. ಎಷ್ಟ ವರ್ಷದ ಕೈ ಅದು!”

ಇಬ್ಬರೂ ನನ್ನನ್ನು ನೋಡಿದರು. ಜಡ್ಜು ಕಾಯುತ್ತಿದ್ದರು. ಆ ಮಾತುಗಳನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಆ ಕೋಣೆಯಲ್ಲಿ ನನಗೆ ಗೆಲ್ಲಿಸಲು ಯಾವ ಕಡೆಯೂ ಇರಲಿಲ್ಲ. ಒಂದು ಕಡೆ ಅಮ್ಮ, ಇನ್ನೊಂದು ಕಡೆ ಅಜ್ಜಿ. ಹೇಳಿದ್ದನ್ನು ಹೇಳಿದೆ, ಇಬ್ಬರದೂ, ಅದೇ ಕ್ರಮದಲ್ಲಿ.

ಅಷ್ಟರಲ್ಲಿ ಅಪ್ಪನ ಫೋನು. ಐ-35 ಹೆದ್ದಾರಿಯಲ್ಲಿ ಮನೆಯ ಕಡೆಗೆ ಡ್ರೈವ್ ಮಾಡುತ್ತಿದ್ದ; ವಿಷಯ ಡಾಕ್ಟರ್ ಅಂಕಲ್ ಹೇಳಿದ್ದರು. “ಪೋಸ್ಟ್‌ಮಾರ್ಟಂ ಬ್ಯಾಡ ಅಂತ ಹೇಳು. ನಮ್ಮ ಧರ್ಮದಾಗ ಇಲ್ಲ ಅಂತ ಹೇಳು. ಡಿಬೇಟ್ ಮಾಡ್ತೀಯಲ್ಲ, ಮಾಡು ಈಗ!” ಮಾಡಿದೆ. ಚೆನ್ನಾಗಿಯೇ ಮಾಡಿದೆ ಎಂದು ಈಗಲೂ ಅನ್ನಿಸುತ್ತದೆ. ವಯಸ್ಸಾಗಿತ್ತು, ಕಾಯಿಲೆಯಿತ್ತು, ಪೆಟ್ಟು ಹೇಗಾಯಿತೆಂದು ಮೂವರು ಕಂಡಿದ್ದಾರೆ, ಸಂಸ್ಕಾರ ತಡವಾಗಬಾರದು. ಸಂಶಯಕ್ಕೆ ಆಧಾರವಿಲ್ಲದೆ ಒಂದು ಕುಟುಂಬದ ನಂಬಿಕೆಯನ್ನು ಕತ್ತರಿಸುವ ಹಕ್ಕು ಸರಕಾರಕ್ಕಿಲ್ಲ. ಜಡ್ಜು ಕೊನೆಯವರೆಗೂ ಕೇಳಿದರು.

“ನೀನು ಹೇಳಿದ್ದರಲ್ಲಿ ಹುರುಳಿದೆ. ‘ಹೃದಯಾಘಾತ’ ಅಂತ ನಾನು ಬರೆಯಬಹುದು. ಬಹುಶಃ ಯಾರೂ ಪ್ರಶ್ನೆ ಮಾಡುವುದಿಲ್ಲ. ಆದರೆ ಅದು ನನ್ನ ಊಹೆ. ನಾನು ಮನೆಗೆ ಹೋಗುತ್ತೇನೆ. ಆ ಊಹೆಯ ಜೊತೆ ಬದುಕಬೇಕಾದವರು ಈ ಇಬ್ಬರು.”

ನಾನು ಅದನ್ನು ಕನ್ನಡಕ್ಕೆ ತರುವ ಮೊದಲೇ ಅಮ್ಮ ಇಂಗ್ಲಿಷಿನಲ್ಲಿ ಹೇಳಿದಳು. ಮೆತ್ತಗೆ, ಒಂದೇ ಸಾಲು.

“ದಯವಿಟ್ಟು ಊಹಿಸಬೇಡಿ.”

ಎರಡನೆಯ ಗುಳಿಗೆಯೇ ಕಾರಣವೆಂದು ಸಾಬೀತಾದರೆ ಸಿಕ್ಕಿಕೊಳ್ಳುವವಳು ಅವಳು. ಆದರೂ ಗೊತ್ತಾಗಲಿ ಎಂದವಳು ಅವಳೇ. ನಾನು ನೋಡಿದ ಯಾವ ವೇದಿಕೆಯಲ್ಲೂ ಯಾರೂ ತನ್ನ ವಿರುದ್ಧವೇ ಹೋಗಬಹುದಾದ ಸಾಕ್ಷಿಯನ್ನು ಹಾಗೆ ಕೈಚಾಚಿ ಕೇಳಿರಲಿಲ್ಲ. ನಾನು ಅಜ್ಜಿಯ ಬಳಿ ಕುಳಿತು ವಿಷಯ ತಿಳಿಸಿದೆ.

“ಕೊಯ್ತಾರೇನು?”

“ಹೌದು ಅಜ್ಜಿ.”

ಅವಳು ದೀಪದ ಬತ್ತಿಯನ್ನು ಮುಂದಕ್ಕೆ ಸರಿಸಿದಳು.

“ಮತ್ತ ಹೊಲೀತಾರಲ್ಲ?”

ಕೂಡಿಸದೆ, ಕಳೆಯದೆ ಹೇಳಿದೆ. ಜಡ್ಜು ಅಜ್ಜಿಯ ಎದುರು ಕಾರ್ಪೆಟ್ಟಿನ ಮೇಲೆ ಕುಳಿತರು. ಚೆನ್ನಾಗಿ ಹೊಲಿಯುತ್ತಾರೆ, ಬಟ್ಟೆ ತೊಡಿಸಿದರೆ ಕಾಣುವುದಿಲ್ಲ, ಆದಷ್ಟು ಬೇಗ ಕಳಿಸಿಕೊಡಿ ಎಂದು ನಾನೇ ಫೋನ್ ಮಾಡಿ ಹೇಳುತ್ತೇನೆ ಎಂದರು. ಕರೆದೊಯ್ಯುವ ಮೊದಲು ಅಜ್ಜಿ ಗಂಡನನ್ನು ಮುಟ್ಟಬಹುದು ಎಂದರು. ಅಜ್ಜಿ ಅವನ ಪಾದದ ಮೇಲೆ ಕೈಯಿಟ್ಟು, ಹೊದಿಕೆ ಸರಿಮಾಡಿ, “ಹೋಗಿ ಬರ್ರಿ” ಎಂದಳು.

ಅಪ್ಪ ಬಂದು ಕೂಗಾಡಿದ. ಅವನ ಅಪ್ಪ ಯಾರೋ ಅಪರಿಚಿತರ ಮೇಜಿನ ಮೇಲಿದ್ದ, ಅವನಿಗೆ ಮತ್ತೇನು ಮಾಡಲು ತೋಚೀತು? ದೇಹ ಬಂತು, ದಹನವಾಯಿತು, ಅಪ್ಪ ಸೂತಕ ಆಚರಿಸಿದ. ನೆರೆಹೊರೆಯ ಆಂಟಿಯರು ಮೊಸರನ್ನ, ಹುಳಿ ತಂದಿಟ್ಟು ಹೋದರು. ಪೂರ್ತಿ ವರದಿಗೆ ರಕ್ತದ ಪರೀಕ್ಷೆಗಳು ಮುಗಿಯಬೇಕು, ವಾರಗಳೇ ಬೇಕು ಎಂದಿದ್ದರು. ಆ ವಾರಗಳಲ್ಲಿ ಅಮ್ಮ, ಅಜ್ಜಿ ಪ್ಯಾಂಟ್ರಿಯ ಬಾಗಿಲಲ್ಲಿ ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಟ್ಟರು. ಅಷ್ಟು ಭಯಂಕರ ಸೌಜನ್ಯವನ್ನು ನಮ್ಮ ಮನೆ ಕಂಡಿರಲಿಲ್ಲ. ಬೆಲ್ಲದ ಮಾತಿಲ್ಲ, ಮಡಿಯ ಮಾತಿಲ್ಲ. ಅಜ್ಜನ ಕೊನೆಯ ಗಳಿಗೆ ಹೇಗಿತ್ತೆಂದು ಅಜ್ಜಿ ಕೇಳಲಿಲ್ಲ, ಅಮ್ಮ ಹೇಳಲಿಲ್ಲ. ಒಬ್ಬೊಬ್ಬಳೂ ತಾನೇ ಕೊಂದೆನೆಂದುಕೊಂಡಿದ್ದಳು; ಆಗಾಗ ಇನ್ನೊಬ್ಬಳೆಂದೂ ಅಂದುಕೊಂಡಿರಬೇಕು. ನಾನು ಡಿಬೇಟಿಗೆ ಹೋಗುವುದನ್ನು ಬಿಟ್ಟು ಅವರಿಬ್ಬರ ನಡುವೆ ಕುಳಿತು ಊಟ ಮಾಡುತ್ತಿದ್ದೆ.

ಒಂದು ಮಧ್ಯಾಹ್ನ ಜಡ್ಜು ಫೋನ್ ಮಾಡಿದರು. ವರದಿ ಅಂಚೆಯಲ್ಲಿ ಬರುತ್ತದೆ, ಆದರೆ ಅದಕ್ಕೆ ಮೊದಲು ಬಾಯಲ್ಲೇ ಹೇಳೋಣ ಎನ್ನಿಸಿತು ಎಂದರು. ಅಪ್ಪನನ್ನು ಕೇಳಲಿಲ್ಲ, ಆ ಇಬ್ಬರನ್ನೂ ನನ್ನನ್ನೂ ಕೂರಿಸಿಕೊಳ್ಳಲು ಹೇಳಿದರು. ಫೋನನ್ನು ಊಟದ ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಎದೆಯಿಂದ ಹೊಟ್ಟೆಗೆ ಇಳಿಯುವ ದೊಡ್ಡ ರಕ್ತನಾಳ ಒಡೆದಿತ್ತು. ಅದರ ಗೋಡೆ ಬಹಳ ಕಾಲದಿಂದ ತೆಳುವಾಗುತ್ತಾ ಬಂದಿತ್ತು. ಗುಳಿಗೆ ಕಾರಣವಲ್ಲ, ಒಂದಾಗಲಿ ಎರಡಾಗಲಿ. ಹಣೆಯ ಪೆಟ್ಟೂ ಕಾರಣವಲ್ಲ, ಮಂಚದಿಂದ ಇಳಿಸಿದ್ದೂ ಅಲ್ಲ. “ಸಹಜ ಅಂತ ಬರೆದಿದ್ದೇನೆ. ಇದು ನನ್ನ ಊಹೆಯಲ್ಲ” ಎಂದರು.

ಸಾಲುಸಾಲಾಗಿ ಕನ್ನಡಕ್ಕೆ ತಂದೆ. ‘ಗುಳಿಗೆ ಕಾರಣವಲ್ಲ’ ಎಂಬುದನ್ನು ಅಜ್ಜಿ ಎರಡು ಸಲ ಹೇಳಿಸಿದಳು. ಅಮ್ಮ ಮುಖವನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಇಷ್ಟು ವರ್ಷಗಳ ಮೇಲೂ ಆ ಮೇವಿನ ಅಂಗಡಿಯ ಹೆಂಗಸನ್ನು ನೆನೆದರೆ ನನಗೆ ಮೊದಲು ನೆನಪಾಗುವುದು ಆ ಸೆರಗು. ಅವರ ಹುದ್ದೆಯ ವಿರುದ್ಧ ನನ್ನ ತಕರಾರು ಇಂದಿಗೂ ಹಾಗೇ ಇದೆ. ಸಾವಿನ ಕಾರಣ ಹುಡುಕುವವರು ವೋಟು ಕೇಳಬಾರದು. ಆದರೆ ಊಹೆ ಕೈಗೆಟುಕುವಲ್ಲಿ ಇದ್ದರೂ ಅದನ್ನೇ ತೀರ್ಪು ಮಾಡದೆ ಕಾದವರು ಅವರು. ಅವರಿಂದಾಗಿ ನಾನು ಬೆಳೆದ ಮನೆ ಮನೆಯಾಗಿಯೇ ಉಳಿಯಿತು.

“ಅವರಿಗೆ ಭಾಳ ತ್ರಾಸಾತೇನು, ಕೇಳು” ಎಂದಳು ಅಜ್ಜಿ.

ಕೇಳಿದೆ.

“ಬೇಗ ಆಗಿಹೋಗಿರಬೇಕು ಅನ್ನುತ್ತಾರೆ ಡಾಕ್ಟರು” ಎಂದರು ಜಡ್ಜು. “ಅದಕ್ಕಿಂತ ಹೆಚ್ಚು ನನಗೆ ಗೊತ್ತಿಲ್ಲ. ನಾನು ಅಲ್ಲಿರಲಿಲ್ಲ. ಅವರ ಸೊಸೆ ಇದ್ದರು.”

ಅದನ್ನೂ ಹೇಳಿದೆ. ಅಜ್ಜಿ ನಿಧಾನವಾಗಿ ಅಮ್ಮನ ಕಡೆ ತಿರುಗಿದಳು. ಅಷ್ಟು ವಾರಗಳಲ್ಲಿ ಮೊದಲ ಸಲ ಅವಳ ಮುಖವನ್ನು ನೇರ ನೋಡಿದಳು.

“ಕಡೀಕ ಏನಂದ್ರವಾ ಅವರು?”

ಅಮ್ಮ ಸೆರಗು ತೆಗೆದಳು. “ಗುಳಿಗೆ ಕೊಟ್ಟೆ. ಕೈಯಲ್ಲಿ ಹಿಡ್ಕೊಂಡು ಸ್ವಲ್ಪ ಹೊತ್ತು ನೋಡಿದ್ರು ಅತ್ತೆ. ‘ಇವತ್ತ ನನ್ನ ಉಪಚಾರ ಭಾಳ ನಡದದಲ್ಲ’ ಅಂತ ನಕ್ಕು, ನುಂಗಿದ್ರು. ನನ್ಗೆ ಆಗ ಏನೂ ಹೊಳೀಲಿಲ್ಲ.”

ಅಜ್ಜಿಯ ಗಂಟಲಿನಿಂದ ಒಂದು ಸದ್ದು ಹೊರಟಿತು, ನಗುವೋ ಅಳುವೋ.

“ಗೊತ್ತಿತ್ತು ಅವರಿಗೆ! ಗೊತ್ತಿದ್ದ ನುಂಗ್ಯಾರ. ಬ್ಯಾಡ ಅಂದ್ರ ಸೊಸಿ ಮಾರಿ ಸಣ್ಣದಾಗ್ತದಂತ...” ಅವಳು ಮೇಜಿನ ಆಚೆಗೆ ಕೈಚಾಚಿ ಅಮ್ಮನ ಮಣಿಕಟ್ಟು ಹಿಡಿದಳು. “ಇನ್ನೊಮ್ಮೆ ಹೇಳ. ಮೊದಲಿಂದ ಹೇಳ. ಉಪ್ಪಿಟ್ಟು ತಿಂದ್ರೇನು?”

“ಏನನ್ನುತ್ತಿದ್ದಾರೆ?” ಎಂದು ಫೋನು ಕೇಳಿತು. “ಎಲ್ಲ ಸರಿಯಿದೆಯಾ ಅಲ್ಲಿ?”

“ಸರಿಯಿದೆ” ಎಂದೆ. “ಅವರು ಈಗ ನಿಮ್ಮನ್ನು ಕೇಳುತ್ತಿಲ್ಲ.”

“ಹಾಗಾದರೆ ನನ್ನ ಕೆಲಸ ಮುಗಿಯಿತು” ಎಂದು ಜಡ್ಜು ಫೋನ್ ಇಟ್ಟರು. ಅಮ್ಮ ಉಪ್ಪಿಟ್ಟಿನಿಂದ ಶುರುಮಾಡಿದಳು.